ರೂಲ್ಸ್‌ಗೂ ಒಂದು ಇತಿಹಾಸ ಇದೆ: ಕುರುಡುಮಲೆ, ಕೆಜಿಎಫ್, ರೋಬೋಟ್

(1/10)

ಕುರುಡುಮಲೆ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಗಣಪ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 13.5 ಅಡಿ ಎತ್ತರದ ಮೂರ್ತಿ. ಮುಳಬಾಗಿಲಿಂದ ಹತ್ತು ಕಿಲೋಮೀಟರ್ ಆಸುಪಾಸು. ಹೊಸ ಅಂಗಡಿ ಹಾಕೋರು, ಹೊಸ ಗಾಡಿ ತಗೊಂಡೋರು, ಚುನಾವಣಾ ಪ್ರಚಾರಕ್ಕೆ ಹೊರಡೋ ರಾಜಕಾರಣಿಗಳು, ಎಲ್ಲರೂ ಮೊದಲು ಇಲ್ಲಿಗೆ ಬಂದು ಕೈ ಮುಗಿದೇ ಮುಂದಕ್ಕೆ ಹೋಗೋದು. ಶುರು ಮಾಡೋ ಮುಂಚೆ ವಿಘ್ನ ಬರದಿರಲಿ ಅಂತ ಕೇಳ್ಕೊಳ್ಳೋ ಜಾಗ ಇದು.

ಈ ಸಲದ ಸೀರೀಸ್ ಕೂಡ ವಿಘ್ನದ ಬಗ್ಗೆನೇ. ಆದ್ರೆ ಮೆಷಿನ್ ತರೋ ವಿಘ್ನ.

ಈಗ ಪ್ರಾಜೆಕ್ಟ್ ಸೀಸನ್. ಅರ್ಧ ಕ್ಲಾಸ್ ರೋಬೋಟಿಕ್ ಆರ್ಮ್ ಮಾಡ್ತಿದೆ, ಇನ್ನರ್ಧ ಲೈನ್ ಫಾಲೋವರ್ ಮಾಡ್ತಿದೆ. ರಿಪೋರ್ಟ್ ಬರೆಯುವಾಗ ಕೊನೆಯಲ್ಲಿ ಒಂದು ಭಾಗ ಬರುತ್ತೆ: ಸುರಕ್ಷತೆ ಮತ್ತು ಸ್ಟ್ಯಾಂಡರ್ಡ್‌ಗಳ ಪಾಲನೆ. ಅಲ್ಲಿಗೆ ಬಂದಾಗ ಎಲ್ಲರಿಗೂ ಆಕಳಿಕೆ. ಎಲ್ಲಿಂದಲೋ ನಾಲ್ಕು ಸಾಲು ಕಾಪಿ ಮಾಡಿ, ಐಎಸ್ಒ ಅಂತ ಒಂದು ನಂಬರ್ ಹಾಕಿ, ಬೈಂಡಿಂಗ್‌ಗೆ ಕೊಟ್ಟರೆ ಮುಗೀತು.

ಆ ನಂಬರ್ ಎಲ್ಲಿಂದ ಬಂತು, ಯಾಕೆ ಬಂತು ಅಂತ ಯಾರೂ ನಮಗೆ ಹೇಳಲ್ಲ. ಹೇಳಿದ್ರೆ ಆಕಳಿಕೆ ಬರಲ್ಲ. ಯಾಕಂದ್ರೆ ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದಿರೋದು ವಿದೇಶದಲ್ಲಲ್ಲ, ನಮ್ಮ ಕೋಲಾರ ಜಿಲ್ಲೆಯಲ್ಲೇ. ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ, ನೆಲದ ಒಳಗೆ.

ಹತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಕೂತು ಓದಿ.

(2/10) ಕಪ್ಪೆ ಹಿಡಿದ ಹುಡುಗ

ಗಣಪನ ಗುಡಿ ನೋಡಿ ಹಂಗೇ ವಾಪಸ್ ಬರೋರು ಜಾಸ್ತಿ. ಹತ್ತಿರದಲ್ಲೇ ಸೋಮೇಶ್ವರ ದೇವಸ್ಥಾನ ಇದೆ. ಅದರ ಅರ್ಧ ಭಾಗ ಜಕ್ಕಣಾಚಾರಿ ಕೆತ್ತಿದ್ದು, ಇನ್ನರ್ಧ ಅವನ ಮಗ ಡಂಕಣ ಕೆತ್ತಿದ್ದು ಅಂತ ಜನ ಹೇಳ್ತಾರೆ. ಮಗನದ್ದು ಅನ್ನೋ ಭಾಗದ ಕೆತ್ತನೆ ಇನ್ನೂ ನಾಜೂಕು ಅನ್ನೋ ಮಾತೂ ಇದೆ. ಇದು ಐತಿಹ್ಯ, ದಾಖಲೆ ಅಲ್ಲ. ಆದ್ರೆ ಐತಿಹ್ಯಕ್ಕೂ ಒಂದು ಬುದ್ಧಿ ಇರುತ್ತೆ.

ಈ ಅಪ್ಪ ಮಗನ ಇನ್ನೊಂದು ಕಥೆ ನಿಮಗೆಲ್ಲ ಗೊತ್ತು. ಬೇಲೂರಲ್ಲಿ ಜಕ್ಕಣ ಕಡೆದ ಮೂರ್ತಿ ಪ್ರತಿಷ್ಠೆಗೆ ರೆಡಿ ಆಗಿದೆ. ಊರಿಗೆ ಬಂದ ಒಬ್ಬ ಹುಡುಗ "ಈ ಕಲ್ಲಲ್ಲಿ ದೋಷ ಇದೆ" ಅಂತಾನೆ. ಅವನು ತನ್ನ ಮಗ ಅಂತ ಜಕ್ಕಣನಿಗೆ ಗೊತ್ತಿಲ್ಲ. ದೋಷ ಇದ್ರೆ ಕೈ ಕತ್ತರಿಸ್ಕೊಳ್ತೀನಿ ಅಂತ ಪಂಥ ಕಟ್ತಾನೆ. ಹುಡುಗ ಮೂರ್ತಿಗೆಲ್ಲ ಗಂಧ ಬಳಿಸ್ತಾನೆ. ಎಲ್ಲ ಕಡೆ ಒಣಗುತ್ತೆ, ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿಯುತ್ತೆ. ಅಲ್ಲಿ ಒಡೆದು ನೋಡಿದ್ರೆ ಒಳಗೆ ನೀರು, ನೀರಲ್ಲಿ ಕಪ್ಪೆ. ಕಪ್ಪೆ ಚೆನ್ನಿಗರಾಯ ಅನ್ನೋ ಹೆಸರು ಬಂದಿದ್ದು ಹಂಗೆ.

ಇಂಜಿನಿಯರಿಂಗ್ ಕಣ್ಣಲ್ಲಿ ಇದನ್ನ ಇನ್ನೊಮ್ಮೆ ಓದಿ. ಪ್ರತಿಷ್ಠೆಗೆ ಮುಂಚೆ ಪರೀಕ್ಷೆ ಆಯ್ತು. ಪರೀಕ್ಷೆಗೆ ಎಲ್ಲರ ಕಣ್ಣಿಗೂ ಕಾಣೋ ಒಂದು ವಿಧಾನ ಇತ್ತು. ಹೇಳಿದವನು ಚಿಕ್ಕವನು, ಅಪರಿಚಿತ. ಆದ್ರೂ ಅವನ ಮಾತನ್ನ ತಳ್ಳಿ ಹಾಕದೆ ಎಲ್ಲರೂ ನಿಂತು ನೋಡಿದ್ರು.

ನಮ್ಮ ಶಿಲ್ಪಿಗಳಿಗೆ ಅಳತೆಯ ಶಾಸ್ತ್ರವೂ ಇತ್ತು. ಮೂರ್ತಿಯ ಮುಖದ ಉದ್ದ ಒಂದು ತಾಳ. ಯಾವ ಮೂರ್ತಿ ಎಷ್ಟು ತಾಳ ಇರಬೇಕು ಅನ್ನೋದಕ್ಕೆ ಲೆಕ್ಕ ಇತ್ತು. ಊರು ಯಾವುದೇ ಆಗಲಿ, ಪ್ರಮಾಣ ಒಂದೇ. ಸ್ಟ್ಯಾಂಡರ್ಡ್ ಅಂದ್ರೆ ಅದೇ ತಾನೇ?

ಆದ್ರೆ ಚೆಂದಕ್ಕೆ ಬೇಕಾದ ಅಳತೆ ಬೇರೆ, ಜೀವ ಉಳಿಸೋ ರೂಲ್ ಬೇರೆ. ಎರಡನೇದು ಹುಟ್ಟಿದ ಜಾಗಕ್ಕೆ ಹೋಗೋಣ. ಅಲ್ಲಿ ದೋಷ ಕಂಡಿದ್ದು ಗಂಧದಿಂದ ಅಲ್ಲ.

(3/10) 1897, ಕೆಜಿಎಫ್

ಕೆಜಿಎಫ್ ಅಂದ್ರೆ ಈಗ ಸಿನಿಮಾ. ನಿಜವಾದ ಕೆಜಿಎಫ್‌ನಲ್ಲಿ ಈಗ ಉಳಿದಿರೋದು ಸೈನೈಡ್ ದಿಬ್ಬ, ನಿಂತುಹೋದ ಶಾಫ್ಟ್, ಉದ್ದುದ್ದ ಲೈನ್ ಮನೆಗಳು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ದೊಡ್ಡ ಮಟ್ಟದ ಗಣಿಗಾರಿಕೆ ಶುರುವಾಯ್ತು. ಆಮೇಲೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿಯಿತು. ಪ್ರಪಂಚದ ತುಂಬಾ ಆಳವಾದ ಗಣಿಗಳಲ್ಲಿ ಅದೂ ಒಂದು.

ಆ ಕಾಲಕ್ಕೆ ಅದು ಹೈಟೆಕ್ ಜಾಗ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು, ಸುಮಾರು 147 ಕಿಲೋಮೀಟರ್ ತಂತಿ ಎಳೆದು, ಮೊದಲು ಕೊಟ್ಟಿದ್ದು ಕೆಜಿಎಫ್ ಗಣಿಗಳಿಗೆ. ಬೆಂಗಳೂರಿಗೆ ಬೀದಿದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಇವತ್ತು ನರಸಾಪುರದ ಫ್ಯಾಕ್ಟರಿ ನೋಡಿ ನಾವು ಹೆಂಗೆ ಬಾಯಿ ಬಿಡ್ತೀವೋ, ಅವತ್ತು ಜನ ಕೆಜಿಎಫ್ ನೋಡಿ ಹಂಗೇ ಬಾಯಿ ಬಿಡ್ತಿದ್ದಿರಬೇಕು.

ಕೆಳಗೆ ಇಳಿತಿದ್ದೋರು ಯಾರು? ಉತ್ತರ ಆರ್ಕಾಟ್, ಚಿತ್ತೂರು, ಸುತ್ತಮುತ್ತಲ ಹಳ್ಳಿಗಳ ಬಡವರು. ಅವರಲ್ಲಿ ತುಂಬಾ ಜನ ದಲಿತರು. ಊರಲ್ಲಿ ತುಂಡು ಭೂಮಿ ಇಲ್ಲದೆ, ಕೂಲಿ ಹುಡುಕ್ಕೊಂಡು ಬಂದೋರು.

1897ರಲ್ಲಿ ಕೆಜಿಎಫ್‌ನಲ್ಲಿ ಒಂದು ದುರಂತ ಆಯ್ತು. ಸತ್ತವರು 52 ಜನ.

ಈ ಒಂದು ಸಂಖ್ಯೆ ನೆನಪಿಟ್ಕೊಳ್ಳಿ. ಮುಂದೆ ಬರೋದೆಲ್ಲ ಇದರ ಜೊತೆ ಸೇರುತ್ತೆ. ಅಮೆರಿಕದಲ್ಲಿ ರೋಬೋಟ್‌ನಿಂದ ಸತ್ತ ಮೊದಲ ಮನುಷ್ಯನ ಹೆಸರು ಗೂಗಲ್ ಮಾಡಿದ್ರೆ ಒಂದು ಸೆಕೆಂಡಲ್ಲಿ ಸಿಗುತ್ತೆ. ನಮ್ಮ ಜಿಲ್ಲೆಯ ಈ 52 ಜನರಲ್ಲಿ ಒಬ್ಬರ ಹೆಸರಾದರೂ ನಮ್ಮ ಕ್ಲಾಸಲ್ಲಿ ಯಾರಿಗಾದ್ರೂ ಗೊತ್ತಾ?

(4/10) ಒಂದು ಗಂಟೆ ಅಂದ್ರೆ ನಿಲ್ಲಿಸು

ಅಲ್ಲಿವರೆಗೂ ಗಣಿಗಳನ್ನ ಕಾಯೋಕೆ ಇಡೀ ದೇಶಕ್ಕೆ ಅನ್ವಯಿಸೋ ಒಂದು ಕಾನೂನು ಇರಲಿಲ್ಲ. 1894ರಲ್ಲಿ ಜೇಮ್ಸ್ ಗ್ರಂಡಿ ಅನ್ನೋರನ್ನ ಮೊದಲ ಗಣಿ ಇನ್ಸ್‌ಪೆಕ್ಟರ್ ಮಾಡಿದ್ರು. ರೂಲ್ಸ್ ಹೆಂಗಿರಬೇಕು ಅಂತ ಸಮಿತಿ, ಚರ್ಚೆ, ಕಡತ, ಎಲ್ಲ ನಿಧಾನಕ್ಕೆ ನಡೀತಿತ್ತು. ಆಮೇಲೆ ಕೆಜಿಎಫ್‌ನಲ್ಲಿ 52 ಜನ ಸತ್ತರು. ಅದರ ಬೆನ್ನಿಗೆ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಜನ ಸತ್ತರು. ಕಡತಕ್ಕೆ ಕಾಲು ಬಂತು. 1901ರಲ್ಲಿ ಗಣಿ ಕಾಯ್ದೆ ಪಾಸಾಯ್ತು. 1902ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಗಣಿ ತಪಾಸಣೆಯ ಕಚೇರಿ ತೆರೀತು. ಇವತ್ತು ಧನ್‌ಬಾದ್‌ನಲ್ಲಿರೋ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರ ಮುಂದುವರಿಕೆ. ಈ ಎರಡು ದುರಂತ ಕಾನೂನನ್ನ ಬೇಗ ತಂದವು ಅಂತ ಆ ಸಂಸ್ಥೆಯ ಇತಿಹಾಸವೇ ಹೇಳುತ್ತೆ.

ಕೆಜಿಎಫ್ ಆಗ ಮೈಸೂರು ಸಂಸ್ಥಾನದ ಒಳಗಿತ್ತು, ಕಾಯ್ದೆ ಬರೆದಿದ್ದು ಬ್ರಿಟಿಷ್ ಸರ್ಕಾರ. ಆದ್ರೂ ಕಾರಣಗಳ ಪಟ್ಟಿಯಲ್ಲಿ ನಮ್ಮ ನೆಲದ ಹೆಸರು ಮೊದಲು ಬರುತ್ತೆ.

ಗಣಿ ರೂಲ್ಸ್ ಹೆಂಗಿರುತ್ತೆ ಅನ್ನೋಕೆ ಒಂದು ಉದಾಹರಣೆ. ಶಾಫ್ಟ್ ಒಳಗೆ ಜನರನ್ನ ಇಳಿಸೋ ಪಂಜರ ಇರುತ್ತೆ. ಎಳೆಯೋ ಇಂಜಿನ್ ಮೇಲೆ, ಜನ ಕೆಳಗೆ. ಇಂಜಿನ್ ನಡೆಸೋನಿಗೆ ಕೆಳಗಿರೋರು ಕಾಣಲ್ಲ. ಮಾತೆಲ್ಲ ಗಂಟೆಯಲ್ಲೇ. ಪಂಜರ ಚಲಿಸ್ತಿರುವಾಗ ಒಂದು ಗಂಟೆ ಕೇಳಿದ್ರೆ ಅರ್ಥ ಒಂದೇ: ನಿಲ್ಲಿಸು.

ನಿಲ್ಲಿಸು ಅನ್ನೋದಕ್ಕೆ ಒಂದೇ ಗಂಟೆ ಯಾಕೆ? ಅಪಾಯದಲ್ಲಿ ಇರೋನಿಗೆ ಎಣಿಸಿಕೊಂಡು ನಾಲ್ಕು ಸಲ ಬಾರಿಸೋಕೆ ಪುರುಸೊತ್ತು ಇರಲ್ಲ. ಅತಿ ಮುಖ್ಯವಾದ ಸಂಕೇತ ಅತಿ ಸುಲಭ ಇರಬೇಕು. ನಿಮ್ಮ ರೋಬೋಟ್ ಮೇಲಿನ ಕೆಂಪು ಬಟನ್ ಹಿಂದೆ ಇರೋದೂ ಇದೇ ಯೋಚನೆ. ಒಂದು ಏಟು, ನಿಂತುಬಿಡಬೇಕು.

(5/10) ಕಾನೂನು ಬಂದ ಮೇಲೂ

ಕಾನೂನು ಬಂತು, ಎಲ್ಲ ಸರಿಹೋಯ್ತು ಅಂತ ಹೇಳಿದ್ರೆ ಅದು ಸುಳ್ಳು ಇತಿಹಾಸ.

ಕೆಜಿಎಫ್ ಆಳಕ್ಕೆ ಹೋದಷ್ಟೂ ಇನ್ನೊಂದು ಶತ್ರು ಎದುರಾಯ್ತು: ರಾಕ್ ಬರ್ಸ್ಟ್. ಮೇಲಿನ ಬಂಡೆಯ ಭಾರಕ್ಕೆ ಒಳಗಿನ ಬಂಡೆ ಬಿಗಿದುಕೊಂಡಿರುತ್ತೆ. ಅದಿರು ತೆಗೆದು ಜಾಗ ಖಾಲಿ ಮಾಡಿದಾಗ ಆ ಬಿಗಿತ ಒಮ್ಮೆಲೇ ಬಿಡುಗಡೆ ಆಗಿ ಬಂಡೆ ಸಿಡಿಯುತ್ತೆ. ಮೇಲಿನ ಊರಲ್ಲಿ ಮನೆ ಪಾತ್ರೆ ಅಲುಗಾಡುತ್ತೆ. ಕೆಳಗೆ ಯಾರಿದ್ದಾರೆ ಅಂತ ಮನೆಮನೆಯಲ್ಲೂ ಲೆಕ್ಕ ಹಾಕೋಕೆ ಶುರು ಮಾಡ್ತಾರೆ.

1901ರ ಕಾಯ್ದೆ ಬರೆದೋರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಬಂಡೆ ಯಾವಾಗ, ಯಾಕೆ ಸಿಡಿಯುತ್ತೆ ಅನ್ನೋ ವಿಜ್ಞಾನವೇ ಆಗ ಬೆಳೆದಿರಲಿಲ್ಲ. ಗೊತ್ತಿಲ್ಲದ ಅಪಾಯಕ್ಕೆ ರೂಲ್ ಬರೆಯೋಕೆ ಆಗಲ್ಲ. ಮೊದಲು ಅಳೀಬೇಕು. ಅದಕ್ಕೆ ಇಲ್ಲಿ ನೆಲದ ಕಂಪನ ಅಳೆಯೋ ಉಪಕರಣ ಇಟ್ಟು ಎಷ್ಟೋ ವರ್ಷ ದಾಖಲೆ ಮಾಡಿದ್ರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಇಲ್ಲಿ ಕಲಿತ ಪಾಠ ಮಾತ್ರ ಬೇರೆ ಕಡೆಯ ಸುರಂಗ, ಅಣೆಕಟ್ಟುಗಳ ಕೆಲಸಕ್ಕೆ ಹೋಯ್ತು.

ಇಲ್ಲಿವರೆಗೆ ಕೆಜಿಎಫ್ ಹೇಳೋದು ಎರಡು ಮಾತು.

ಒಂದು, ರೂಲ್ ಅನ್ನೋದು ಆಗಿಹೋದ ಸಾವಿನ ನೆನಪು.

ಎರಡು, ರೂಲ್ ಯಾವತ್ತೂ ಪೂರ್ತಿ ಅಲ್ಲ. ಮೆಷಿನ್ ಬದಲಾದ ಹಾಗೆ, ಆಳ ಬದಲಾದ ಹಾಗೆ, ಅದನ್ನ ಮತ್ತೆ ಮತ್ತೆ ಬರೀಬೇಕು.

ಈ ಎರಡನ್ನ ಜೇಬಿಗೆ ಹಾಕ್ಕೊಂಡು ರೋಬೋಟ್ ಕಥೆಗೆ ಬನ್ನಿ. ಊರು ಬೇರೆ, ಕಾಲ ಬೇರೆ, ನಡೆದಿದ್ದು ಮಾತ್ರ ಅದೇ.

(6/10) ಕಥೆಯ ರೋಬೋಟ್, ಕಾರ್ಖಾನೆಯ ರೋಬೋಟ್

ರೋಬೋಟ್ ಅನ್ನೋ ಪದ ಬಂದಿದ್ದು ನಾಟಕದಿಂದ. 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕ. ಚೆಕ್ ಭಾಷೆಯಲ್ಲಿ ಆ ಪದದ ಬೇರು ಬಿಟ್ಟಿ ದುಡಿಮೆ. 1942ರಲ್ಲಿ ಐಸಾಕ್ ಅಸಿಮೋವ್ ತನ್ನ ಕಥೆಯಲ್ಲಿ ರೋಬೋಟ್‌ಗಳಿಗೆ ಮೂರು ನಿಯಮ ಬರೆದ. ರೋಬೋಟ್ ಮನುಷ್ಯನಿಗೆ ಕೇಡು ಮಾಡಬಾರದು ಅನ್ನೋದು ಮೊದಲನೇದು. ನಮ್ಮಲ್ಲಿ ತುಂಬಾ ಜನ ಪ್ರಾಜೆಕ್ಟ್ ರಿಪೋರ್ಟಲ್ಲಿ ಇದನ್ನೇ ಸೇಫ್ಟಿ ಸ್ಟ್ಯಾಂಡರ್ಡ್ ಅಂತ ಬರೀತಾರೆ! ಅದು ಕಥೆ ಕಣ್ರಪ್ಪ. ಕೇಡು ಅಂದ್ರೆ ಏನು ಅಂತ ಮೋಟಾರ್‌ಗೆ ಗೊತ್ತಾಗಲ್ಲ.

1961ರಲ್ಲಿ ಯುನಿಮೇಟ್ ಅನ್ನೋ ರೋಬೋಟ್ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿತು. ಸುಡೋ ಲೋಹದ ಭಾಗಗಳನ್ನ ಎತ್ತಿಡೋ ಕೆಲಸ. ಮನುಷ್ಯನಿಗೆ ಅಪಾಯ ಆಗೋ ಕೆಲಸವನ್ನ ಮೆಷಿನ್‌ಗೆ ಕೊಟ್ಟರು. ಒಳ್ಳೇದೇ.

1979ರ ಜನವರಿ 25. ಅಮೆರಿಕದ ಫ್ಲಾಟ್ ರಾಕ್‌ನಲ್ಲಿರೋ ಫೋರ್ಡ್ ಎರಕದ ಕಾರ್ಖಾನೆ. 25 ವರ್ಷದ ರಾಬರ್ಟ್ ವಿಲಿಯಮ್ಸ್ ಭಾಗಗಳನ್ನ ತರೋಕೆ ರ‍್ಯಾಕ್ ಮೇಲೆ ಹತ್ತಿದ್ರು. ಅದೇ ಕೆಲಸ ಮಾಡ್ತಿದ್ದ ಯಂತ್ರದ ತೋಳು ಹಿಂದಿನಿಂದ ಬಂದು ತಲೆಗೆ ಹೊಡೀತು. ಅವರು ಅಲ್ಲೇ ಸತ್ತರು. ಸುಮಾರು ಅರ್ಧ ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇತ್ತು. ಹತ್ತಿರ ಬರ್ತಿದೀನಿ ಅಂತ ಎಚ್ಚರಿಸೋ ಸದ್ದಿನ ವ್ಯವಸ್ಥೆ ಅದಕ್ಕೆ ಇರಲಿಲ್ಲ. 1983ರಲ್ಲಿ ನ್ಯಾಯಾಲಯದ ಜ್ಯೂರಿ ಕುಟುಂಬಕ್ಕೆ ಒಂದು ಕೋಟಿ ಡಾಲರ್ ಕೊಡಬೇಕು ಅಂತ ಹೇಳಿತು.

1981ರ ಜುಲೈ 4. ಜಪಾನಿನ ಆಕಾಶಿಯಲ್ಲಿರೋ ಕವಾಸಾಕಿ ಕಾರ್ಖಾನೆ. 37 ವರ್ಷದ ಕೆಂಜಿ ಉರಾಡ ಕೆಟ್ಟುಹೋದ ರೋಬೋಟ್ ನೋಡೋಕೆ ಹೋದ್ರು. ಇಲ್ಲಿ ಬೇಲಿ ಇತ್ತು. ಬೇಲಿಯನ್ನ ಸರಿಯಾದ ರೀತಿ ತೆರೆದಿದ್ರೆ ಕರೆಂಟ್ ತಾನಾಗೇ ಕಟ್ ಆಗ್ತಿತ್ತು. ಅವರು ಬೇಲಿ ದಾಟಿ ಒಳಗೆ ಹೋದ್ರು, ರೋಬೋಟ್ ಚಾಲೂ ಆಯ್ತು, ತೋಳು ಅವರನ್ನ ಪಕ್ಕದ ಮೆಷಿನ್‌ಗೆ ಒತ್ತಿತು.

ಮೊದಲನೇ ಕಡೆ ರಕ್ಷಣೆಯೇ ಇರಲಿಲ್ಲ. ಎರಡನೇ ಕಡೆ ಇತ್ತು, ಆದ್ರೂ ಉಳೀಲಿಲ್ಲ.

(7/10) ಹೆದರಿದ ಕೈಗೂ ಒಂದು ರೂಲ್

ಉರಾಡ ಅವರ ಸಾವನ್ನ "ಅವರದ್ದೇ ತಪ್ಪು" ಅಂತ ಮುಗಿಸಿಬಿಡಬಹುದಿತ್ತು. ಸ್ಟ್ಯಾಂಡರ್ಡ್ ಬರೆಯೋರು ಹಂಗೆ ಮಾಡಲ್ಲ. ಮನುಷ್ಯ ಅವಸರ ಮಾಡ್ತಾನೆ, ಸುಸ್ತಾಗ್ತಾನೆ, ಅಡ್ಡದಾರಿ ಹುಡುಕ್ತಾನೆ. ಇದನ್ನೆಲ್ಲ ಲೆಕ್ಕಕ್ಕೆ ತಗೊಂಡೇ ಮೆಷಿನ್ ಮಾಡಬೇಕು ಅನ್ನೋದು ಅವರ ವಾದ.

ಅಮೆರಿಕದಲ್ಲಿ 1986ರಲ್ಲಿ ಆರ್15.06 ಅನ್ನೋ ರೋಬೋಟ್ ಸುರಕ್ಷತಾ ಸ್ಟ್ಯಾಂಡರ್ಡ್ ಬಂತು. 1992ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಐಎಸ್ಒ 10218 ಬಂತು. ನೀವು ರಿಪೋರ್ಟಲ್ಲಿ ಕಾಪಿ ಮಾಡೋ ನಂಬರ್ ಇದೇ. 2006ರಲ್ಲಿ ಅದರ ಮೊದಲ ಭಾಗ ಹೊಸದಾಯ್ತು, 2011ರಲ್ಲಿ ಎರಡನೇ ಭಾಗ ಸೇರಿತು. ಮೊದಲ ಭಾಗ ರೋಬೋಟ್ ಮಾಡೋರಿಗೆ, ಎರಡನೇದು ಅದನ್ನ ಕಾರ್ಖಾನೆಯಲ್ಲಿ ಜೋಡಿಸೋರಿಗೆ. 2025ರಲ್ಲಿ ಎರಡೂ ಮತ್ತೆ ಪರಿಷ್ಕರಣೆ ಆದವು. ಕೆಜಿಎಫ್ ಹೇಳಿದ ಎರಡನೇ ಮಾತು ನೆನಪಿದೆ ತಾನೇ?

ಒಳಗೆ ಏನಿದೆ ಅನ್ನೋಕೆ ಮೂರು ಸ್ಯಾಂಪಲ್:

ರೋಬೋಟ್‌ಗೆ ಕೈಯಲ್ಲಿ ಪಾಠ ಕಲಿಸುವಾಗ, ಕಡಿಮೆ ವೇಗದ ಮೋಡ್‌ನಲ್ಲಿ, ಅದು ಸೆಕೆಂಡಿಗೆ 250 ಮಿಲಿಮೀಟರ್ ಮೀರಬಾರದು. ಆ ವೇಗಕ್ಕೆ ಮನುಷ್ಯ ನೋಡಿ ಪಕ್ಕಕ್ಕೆ ಸರಿಯಬಹುದು.

ಎಮರ್ಜೆನ್ಸಿ ಸ್ಟಾಪ್ ಬಟನ್ ಕೆಂಪು, ಅದರ ಹಿನ್ನೆಲೆ ಹಳದಿ. ಒತ್ತಿದ್ರೆ ಒತ್ತಿದ ಹಾಗೇ ನಿಲ್ಲಬೇಕು. ಅದನ್ನ ಬಿಡಿಸಿದ ತಕ್ಷಣ ಮೆಷಿನ್ ತಾನೇ ಶುರು ಆಗಬಾರದು. ಶುರು ಮಾಡೋಕೆ ಇನ್ನೊಂದು ಆಜ್ಞೆ ಬೇಕು.

ಮೂರನೇದು ನನಗೆ ತುಂಬಾ ಇಷ್ಟ. ರೋಬೋಟ್ ನಡೆಸೋ ಪೆಂಡೆಂಟ್ ಹಿಂದೆ ಮೂರು ಸ್ಥಿತಿಯ ಸ್ವಿಚ್ ಇರುತ್ತೆ. ಬಿಟ್ಟರೆ ರೋಬೋಟ್ ನಿಲ್ಲುತ್ತೆ. ಹದವಾಗಿ ಅರ್ಧ ಒತ್ತಿದ್ರೆ ಮಾತ್ರ ನಡೆಯುತ್ತೆ. ಪೂರ್ತಿ ಗಟ್ಟಿಯಾಗಿ ಹಿಡಿದ್ರೆ ಮತ್ತೆ ನಿಲ್ಲುತ್ತೆ. ಯಾಕೆ? ಹೆದರಿದಾಗ ಕೆಲವರು ಕೈಲಿರೋದನ್ನ ಬಿಟ್ಟುಬಿಡ್ತಾರೆ, ಕೆಲವರು ಮುಷ್ಟಿ ಬಿಗಿ ಹಿಡೀತಾರೆ. ಇಬ್ಬರೂ ಬದುಕಬೇಕು.

ಈ ಸ್ವಿಚ್ ಬರೆದೋರು ಮನುಷ್ಯನ ಭಯವನ್ನ ಕೂತು ಓದಿದ್ದಾರೆ. ಇದನ್ನ ಬರೀ ಪೇಪರ್ ಕೆಲಸ ಅಂತ ಹೇಳೋಕೆ ಮನಸ್ಸು ಬರುತ್ತಾ?

(8/10) ಬೇಲಿ ತೆಗೆದ ಮೇಲೆ

ಈಗ ಕೋಬೋಟ್ ಕಾಲ. ಬೇಲಿ ಇಲ್ಲದೆ, ಮನುಷ್ಯನ ಪಕ್ಕದಲ್ಲೇ ನಿಂತು ಕೆಲಸ ಮಾಡೋ ರೋಬೋಟ್. ಹಂಗಾದ್ರೆ ತಗುಲಿದ್ರೆ ಎಷ್ಟು ಜೋರಾಗಿ ತಗುಲಬಹುದು? ಈ ಪ್ರಶ್ನೆಗೆ ಉತ್ತರ ಬೇಕಿತ್ತು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದಲ್ಲಿ 100 ಜನ ಆರೋಗ್ಯವಂತರ ಮೇಲೆ, ದೇಹದ 29 ಜಾಗಗಳಲ್ಲಿ, ಎಷ್ಟು ಒತ್ತಿದ್ರೆ ನೋವು ಶುರುವಾಗುತ್ತೆ ಅಂತ ಅಳೆದ್ರು. ಹಣೆ, ಅಂಗೈ, ಮೊಣಕಾಲು, ಒಂದೊಂದಕ್ಕೂ ಬೇರೆ ಲೆಕ್ಕ. 2016ರಲ್ಲಿ ಬಂದ ಐಎಸ್ಒ ಟಿಎಸ್ 15066 ಈ ಅಂಕಿಗಳನ್ನ ಬಳಸ್ಕೊಂಡಿತು. 2025ರ ಪರಿಷ್ಕರಣೆಯಲ್ಲಿ ಅದು 10218ರ ಒಳಗೇ ಸೇರಿತು.

ಜಪಾನಿನ ಕಾನೂನು ಇನ್ನೊಂದು ದಾರಿ ಹಿಡೀತು. ಮೋಟಾರ್ 80 ವ್ಯಾಟ್ ಒಳಗಿದ್ರೆ ಅದನ್ನ ಕೈಗಾರಿಕಾ ರೋಬೋಟ್ ಅಂತ ಎಣಿಸೋದಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಬೇಲಿ ಬೇಕು. 2013ರಲ್ಲಿ ಅದನ್ನೂ ಸಡಿಲ ಮಾಡಿದ್ರು: ಅಪಾಯದ ಲೆಕ್ಕಾಚಾರ ಮಾಡಿ ತೋರಿಸಿದ್ರೆ ಬೇಲಿ ಇಲ್ಲದೆಯೂ ನಡೆಸಬಹುದು. ಬೇಲಿ ತೆಗೆದ್ರು ಅಂದ್ರೆ ಜವಾಬ್ದಾರಿ ತೆಗೆದ್ರು ಅಂತಲ್ಲ, ಲೆಕ್ಕ ಜಾಸ್ತಿ ಆಯ್ತು ಅಂತ ಅರ್ಥ.

ನಮ್ಮ ದೇಶದಲ್ಲಿ? 2015ರ ಆಗಸ್ಟ್, ಹರಿಯಾಣದ ಮಾನೇಸರ್. 24 ವರ್ಷದ ಒಬ್ಬ ಕಾರ್ಮಿಕ ಜಾರಿದ ಲೋಹದ ಹಾಳೆಯನ್ನ ಸರಿ ಮಾಡೋಕೆ ವೆಲ್ಡಿಂಗ್ ರೋಬೋಟ್ ಹತ್ತಿರ ಹೋದ, ತೋಳು ಅವನಿಗೆ ಚುಚ್ಚಿತು, ಸತ್ತ. ನಮ್ಮ ಸೀನಿಯರ್‌ಗಳ ವಯಸ್ಸು.

1979, 1981, 2015. ಮೂರೂ ಸಲ ಕಾರಣ ಹೆಚ್ಚುಕಮ್ಮಿ ಒಂದೇ ತರ. ಲೈನ್ ಎಲ್ಲೋ ತಡೆದಿತ್ತು. ಅದನ್ನ ಸರಿ ಮಾಡೋಕೆ ಮನುಷ್ಯ ಮೆಷಿನ್ ಜಾಗದೊಳಗೆ ಹೋದ. ಮೆಷಿನ್ ಪೂರ್ತಿ ಆಫ್ ಆಗಿರಲಿಲ್ಲ. "ಒಂದೇ ನಿಮಿಷ, ಹಿಂಗೆ ಹೋಗಿ ಹಂಗೆ ಬರ್ತೀನಿ" ಅನ್ನೋ ಆ ಒಂದು ನಿಮಿಷಕ್ಕಾಗಿಯೇ ಅಷ್ಟು ದಪ್ಪದ ಪುಸ್ತಕ ಬರೆದಿರೋದು.

(9/10) ಐಎಸ್ 1 ಅಂದ್ರೆ ಏನು ಹೇಳಿ ನೋಡೋಣ

ಸ್ಟ್ಯಾಂಡರ್ಡ್ ಅಂದ್ರೆ ವಿದೇಶದೋರು ಬರೆದು ನಮ್ಮ ತಲೆಗೆ ಕಟ್ಟಿದ್ದು ಅನ್ನೋರಿಗೆ ಈ ಪೋಸ್ಟ್.

ಭಾರತೀಯ ಮಾನಕ ಸಂಸ್ಥೆ, ಅಂದ್ರೆ ಐಎಸ್ಐ, ಶುರುವಾಗಿದ್ದು 1947ರ ಜನವರಿಯಲ್ಲಿ. ಸ್ವಾತಂತ್ರ್ಯಕ್ಕಿಂತ ಏಳು ತಿಂಗಳು ಮುಂಚೆ! ಅದು ಹೊರಡಿಸಿದ ಮಾನಕಗಳಲ್ಲಿ ಐಎಸ್ 1 ಅನ್ನೋ ನಂಬರ್ ಯಾವುದಕ್ಕೆ ಸಿಕ್ಕಿದೆ ಗೊತ್ತಾ? ರಾಷ್ಟ್ರಧ್ವಜಕ್ಕೆ. 1951ರದ್ದು. ಬಟ್ಟೆ, ನೂಲು, ಬಣ್ಣ, ಅಳತೆ, ಹೊಲಿಗೆ, ಎಲ್ಲಕ್ಕೂ ಲೆಕ್ಕ. ಆ ಮಾನಕದ ಪ್ರಕಾರ ಖಾದಿ ಧ್ವಜ ತಯಾರಾಗೋ ಹೆಸರುವಾಸಿ ಜಾಗ ನಮ್ಮ ಕರ್ನಾಟಕದಲ್ಲೇ ಇದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅಲ್ಲಿ ಒಂದು ನೂಲು ಹೆಚ್ಚುಕಮ್ಮಿ ಆದ್ರೂ ಧ್ವಜ ಪಾಸಾಗಲ್ಲ.

1986ರ ಕಾಯ್ದೆ ಬಂದ ಮೇಲೆ ಐಎಸ್ಐ ಸಂಸ್ಥೆ ಬಿಐಎಸ್ ಆಯ್ತು. ಮಿಕ್ಸಿ, ಹೆಲ್ಮೆಟ್, ಗ್ಯಾಸ್ ಸ್ಟವ್ ಮೇಲೆ ನೋಡೋ ಐಎಸ್ಐ ಗುರುತು ಮಾತ್ರ ಹಂಗೇ ಉಳೀತು. ಹೆಲ್ಮೆಟ್ ತಗೊಳ್ಳುವಾಗ ಅಮ್ಮ "ಗುರುತು ಐತಾ ನೋಡೋ" ಅಂತಾರಲ್ಲ, ಅಮ್ಮನೂ ಮಾನಕ ಪಾಲನೆ ತಪಾಸಣೆನೇ ಮಾಡ್ತಿರೋದು.

ಇನ್ನು ಕಾರ್ಖಾನೆಗೆ ಬಂದ್ರೆ, 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಮೆಷಿನ್‌ಗಳ ಅಪಾಯದ ಭಾಗಗಳಿಗೆ ಬೇಲಿ ಹಾಕಬೇಕು ಅಂತ ಹೇಳಿತ್ತು. ಯುನಿಮೇಟ್ ಹುಟ್ಟೋಕೆ ಹದಿಮೂರು ವರ್ಷ ಮುಂಚೆ. ರೋಬೋಟ್ ಅನ್ನೋ ಪದವೇ ಇಲ್ಲದೆ ಬರೆದ ಆ ಸಾಲು ರೋಬೋಟ್‌ಗೂ ಸರಿಯಾಗಿ ಹೊಂದುತ್ತೆ.

ಇನ್ನೊಂದು ವಿಷಯ. ಬಿಐಎಸ್ ಹೊಸ ಮಾನಕ ಬರೆಯುವಾಗ ಕರಡನ್ನ ಸಾರ್ವಜನಿಕರ ಮುಂದೆ ಇಡುತ್ತೆ, ಯಾರು ಬೇಕಾದ್ರೂ ಅಭಿಪ್ರಾಯ ಕಳಿಸಬಹುದು. ಶಾಲೆ ಕಾಲೇಜುಗಳಲ್ಲಿ ಸ್ಟ್ಯಾಂಡರ್ಡ್ಸ್ ಕ್ಲಬ್ ಕೂಡ ನಡೆಸ್ತಾರೆ. ಬೇಲೂರಿನ ಐತಿಹ್ಯದ ಆ ಹುಡುಗನಿಗೆ ಸಿಕ್ಕ ಅವಕಾಶ ಇದು. ಚಿಕ್ಕವರು ದೋಷ ಕಂಡ್ರೆ ಹೇಳೋಕೆ ಒಂದು ಬಾಗಿಲು ತೆರೆದಿದೆ.

(10/10) ಈಗ ನಮ್ಮ ಪ್ರಾಜೆಕ್ಟ್

ಕಾಲೇಜ್ ಪ್ರಾಜೆಕ್ಟ್‌ಗೆ ಯಾರೂ ಐಎಸ್ಒ ಸರ್ಟಿಫಿಕೇಟ್ ಕೇಳಲ್ಲ, ನಿಜ. ಆದ್ರೆ ಅದರ ಅಭ್ಯಾಸ ಇಲ್ಲೇ ಶುರು ಆಗಬೇಕು. ಎಲ್ಲ ಮೆಷಿನ್‌ಗಳಿಗೂ ತಾಯಿಬೇರಿನಂತಿರೋ ಐಎಸ್ಒ 12100 ಮೂರು ಮೆಟ್ಟಿಲು ಹೇಳುತ್ತೆ. ಕ್ರಮ ಮುಖ್ಯ, ಹಿಂದೆ ಮುಂದೆ ಮಾಡೋ ಹಾಗಿಲ್ಲ.

ಮೊದಲು, ಅಪಾಯವನ್ನೇ ಡಿಸೈನ್‌ನಿಂದ ತೆಗೀರಿ. ಚಿಕ್ಕ ಮೋಟಾರ್ ಸಾಕಾದ್ರೆ ದೊಡ್ಡದು ಬೇಡ. ಚೂಪು ಅಂಚು ಉಜ್ಜಿ. ಬೆರಳು ಸಿಕ್ಕೋ ಸಂದು ಮುಚ್ಚಿ.

ಎರಡು, ಉಳಿದ ಅಪಾಯಕ್ಕೆ ಅಡ್ಡ ಹಾಕಿ. ಕವರ್, ಫ್ಯೂಸ್, ಪವರ್ ಕಟ್ ಮಾಡೋ ಕೆಂಪು ಬಟನ್. ಆ ಬಟನ್ ಮೋಟಾರ್ ಕರೆಂಟನ್ನ ನೇರ ಕಡೀಬೇಕು, ಪ್ರೋಗ್ರಾಂ ಒಳಗೆ "ನಿಲ್ಲಿಸು" ಅಂತ ಕೇಳ್ಕೊಳ್ಳೋ ಹಾಗಿರಬಾರದು. ಪ್ರೋಗ್ರಾಂ ಹ್ಯಾಂಗ್ ಆದ್ರೆ ಯಾರು ಕೇಳ್ತಾರೆ? ಡೆಮೋ ನೋಡೋಕೆ ಬಂದ ಏಳನೇ ಕ್ಲಾಸ್ ಮಗುವಿಗೂ ಅದು ಕೈಗೆ ಸಿಗಬೇಕು.

ಮೂರು, ಇಷ್ಟಾದ ಮೇಲೂ ಉಳಿಯೋದನ್ನ ಬರೆದು ಹೇಳಿ. ಎಚ್ಚರಿಕೆ ಚೀಟಿ, ಬಳಸೋ ಕ್ರಮ. ತುಂಬಾ ಜನ ಈ ಮೂರನೇ ಮೆಟ್ಟಿಲಿಂದ ಶುರು ಮಾಡಿ ಅಲ್ಲೇ ಮುಗಿಸ್ತಾರೆ. ಚೀಟಿ ಅಂಟಿಸಿದ್ರೆ ಮೋಟಾರ್ ನಿಲ್ಲಲ್ಲ.

ಇದನ್ನ ನೋಟ್‌ಬುಕ್ಕಲ್ಲಿ ದಿನಾಂಕ ಹಾಕಿ ಬರೆದಿಡಿ. ಏನು ಅಪಾಯ ಕಂಡ್ರಿ, ಏನು ಮಾಡಿದ್ರಿ, ಪರೀಕ್ಷೆಯಲ್ಲಿ ಏನಾಯ್ತು. ಮುಂದಿನ ವರ್ಷದ ಜೂನಿಯರ್ ಅದನ್ನ ಓದಿದ್ರೆ ಅವನ ಕೈ ಉಳಿಯುತ್ತೆ. ದೊಡ್ಡ ಸ್ಟ್ಯಾಂಡರ್ಡ್‌ಗಳೂ ಹಿಂಗೇ ಬೆಳೆದಿದ್ದು.

ಯಾಕಿಷ್ಟು ಹೇಳ್ತಿದೀನಿ ಅಂದ್ರೆ, ನಮ್ಮಲ್ಲಿ ಅರ್ಧ ಜನ ನಾಳೆ ನರಸಾಪುರ, ವೇಮಗಲ್, ಮಾಲೂರು ಕಡೆ ಕಂಪನಿ ಬಸ್ ಹತ್ತೋರು. ಲೈನ್ ನಿಂತಿರುತ್ತೆ, ಟಾರ್ಗೆಟ್ ಬಾಕಿ ಇರುತ್ತೆ, "ಸೆನ್ಸಾರ್ ಬೈಪಾಸ್ ಮಾಡು, ಒಂದೇ ನಿಮಿಷ" ಅಂತ ಯಾರೋ ಹೇಳ್ತಾರೆ. ಅವತ್ತು ಬೇಡ ಅನ್ನೋಕೆ ನಂಬರ್ ಬಾಯಿಪಾಠ ಇದ್ರೆ ಸಾಲಲ್ಲ. ಅದರ ಹಿಂದೆ ಯಾರಿದ್ದಾರೆ ಅಂತ ಗೊತ್ತಿರಬೇಕು.

ಅಲ್ಲಿ ಫ್ಲಾಟ್ ರಾಕ್‌ನೋರು ಇದ್ದಾರೆ, ಆಕಾಶಿಯೋರು ಇದ್ದಾರೆ, ಮಾನೇಸರ್‌ನ ಹುಡುಗ ಇದ್ದಾನೆ. ಅವರೆಲ್ಲರಿಗಿಂತ ಮೊದಲು, ನಮ್ಮದೇ ಜಿಲ್ಲೆಯ ನೆಲದ ಕೆಳಗೆ, 52 ಜನ ಇದ್ದಾರೆ.

ನಿಮ್ಮ ಮನೇಲಿ ಗಣಿಯಲ್ಲಿ ದುಡಿದ ತಾತ, ಮುತ್ತಾತ ಯಾರಾದ್ರೂ ಇದ್ರಾ? ಅವರು ಹೇಳಿದ ಒಂದು ರೂಲ್, ಒಂದು ಮಾತು ನೆನಪಿದ್ರೆ ಕೆಳಗೆ ಬರೀರಿ. ಪ್ರಾಜೆಕ್ಟ್ ಗ್ರೂಪ್‌ಗೆ ಶೇರ್ ಮಾಡಿ.

#ಕುರುಡುಮಲೆ #ಮುಳಬಾಗಿಲು #ಕೋಲಾರ #ಕೆಜಿಎಫ್ #ರೋಬೋಟಿಕ್ಸ್‌ಕನ್ನಡದಲ್ಲಿ #ನಮ್ಮಇತಿಹಾಸ